ಖಾಲಿ ಕೈಗಳ ದಂಡೆ

ನಡುಗಡ್ಡಿ, ಕೃಷ್ಣೆಯ ಹಿನ್ನೀರು
ಶಾಲಿವಾಹನ ಶಕೆ ೨೧೧೨, ನೀರಮಾಸದ ಮೂವತ್ತಮೂರನೆಯ ದಿನ

ನನಗಿಂತ ಐದಾರು ತಲೆಮಾರು ಹಿರಿಯರೂ, ಇದನ್ನು ಓದುವ ಹೊತ್ತಿನಲ್ಲಿ ಬಹುಶಃ ನನಗಿಂತ ಎಷ್ಟೋ ಕಿರಿಯರೂ ಆಗಿರುವ ನಿಮಗೆ ನೀಲಾಂಬಿಕಾ ಕಟಗೇರಿಯ ಶರಣು.

ಮೇಲಿನ ತಾರೀಕು ಬರೆಯುವಾಗ ಕೈತಪ್ಪಿದ್ದಲ್ಲ. ನಿಮ್ಮ ಪಂಚಾಂಗದಲ್ಲಿ ನೀರಮಾಸ ಎಂಬ ತಿಂಗಳು ಇರಲಿಲ್ಲ. ಹಿನ್ನೀರು ಏರಿ ಊರಿನ ಕೆಳಗಿನ ಮೆಟ್ಟಿಲನ್ನು ಮುಟ್ಟಿದ ದಿನದಿಂದ ಅದು ಇಳಿಯುವ ದಿನದವರೆಗಿನ ಕಾಲವನ್ನು ನಾವು ಬೇರೆಯೇ ತಿಂಗಳಾಗಿ ಎಣಿಸುತ್ತೇವೆ. ನೀರು ಇಳಿಯದಿದ್ದರೆ ತಿಂಗಳೂ ಮುಗಿಯುವುದಿಲ್ಲ. ನನ್ನ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಈ ಪತ್ರ ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲಿನಲ್ಲಿ ಬರುತ್ತಿದೆ. ಅದು ನಿಜವಾಗಿಯೂ ತಲುಪುತ್ತದೆಯೇ ಎಂಬ ಬಗ್ಗೆ ನನಗೆ ಗಟ್ಟಿ ಅನುಮಾನವಿದೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ. ನಮ್ಮ ಊರಿನ ದಂಡೆಯ ಕಥೆಯನ್ನು ಈಗ ರಾಜಧಾನಿಯಲ್ಲಿ ಎರಡು ಬಣದವರು ಅರ್ಧರ್ಧ ಹರಿದುಕೊಂಡು ಹೇಳುತ್ತಿದ್ದಾರೆ. ಸರ್ಕಾರ ಖರ್ಚು ಮಾಡಿದರೆ ಊರು ಏಳುತ್ತದೆ ಎನ್ನುವವರಿಗೆ ನಡುಗಡ್ಡಿ ಸಾಕ್ಷಿ. ಖರ್ಚು ಮಾಡಿದರೆ ಊರು ಮುಳುಗುತ್ತದೆ ಎನ್ನುವವರಿಗೂ ನಡುಗಡ್ಡಿಯೇ ಸಾಕ್ಷಿ. ಇಬ್ಬರ ಮೇಲೂ ನನಗೆ ನಂಬಿಕೆಯಿಲ್ಲ. ಇಡೀ ಕಥೆ ಬಲ್ಲವರು ಈಗ ಉಳಿದಿರುವುದು ಕೆಲವೇ ಮಂದಿ, ಅವರಲ್ಲಿ ನಾನೊಬ್ಬಳು.

ನನ್ನ ಕೆಲಸವನ್ನೂ ಹೇಳಿಬಿಡುತ್ತೇನೆ. ನಾನು ಶಂಕಾಧಿಕಾರಿಯಾಗಿದ್ದೆ. ಸರ್ಕಾರದ ಯಾವುದೇ ದೊಡ್ಡ ಕೆಲಸ ಆದಲ್ಲಿಗೆ ಹೋಗಿ ಅನುಮಾನ ಪಡುವುದೇ ಈ ಹುದ್ದೆ. ನಿಮ್ಮ ಕಾಲದಲ್ಲಿ ಅನುಮಾನವನ್ನು ಎಲ್ಲರೂ ಬಿಟ್ಟಿಯಾಗಿ ಪಡುತ್ತಿದ್ದರಂತೆ. ನಮ್ಮಲ್ಲಿ ಅದಕ್ಕೆ ಸಂಬಳವಿದೆ, ನಿಯಮವಿದೆ. ತನಿಖೆಗೆ ಹೋದ ಊರಿನಲ್ಲಿ ಶಂಕಾಧಿಕಾರಿ ಯಾರ ಮನೆಯ ಅನ್ನವನ್ನೂ ಉಣ್ಣುವಂತಿಲ್ಲ, ಚಹಾ ಕುಡಿಯುವಂತಿಲ್ಲ. ಬುತ್ತಿ ಕಟ್ಟಿಕೊಂಡು, ನೀರಿನ ತಂಬಿಗೆ ಹಿಡಿದುಕೊಂಡೇ ಹೋಗಬೇಕು. ಕೊನೆಗೆ ಬಜಾರದ ನಡುವೆ ಊರವರೆದುರು ನಿಂತು ಎರಡರಲ್ಲಿ ಒಂದು ಮಾತು ಹೇಳಬೇಕು: ನನ್ನ ಶಂಕೆ ನಿಂತಿದೆ, ಅಥವಾ ನನ್ನ ಶಂಕೆ ತೀರಿದೆ. ನಿಂತಿದೆ ಎಂದರೆ ಆರೋಪಿಯ ಹುದ್ದೆ ಹೋಗುತ್ತದೆ, ಮನೆಗೆ ಬೀಗ ಬೀಳುತ್ತದೆ, ಹಿನ್ನೀರಿನ ಯಾವ ಊರೂ ಮುಂದೆ ಆ ಮನುಷ್ಯನಿಗೆ ಕೆಲಸ ಕೊಡುವುದಿಲ್ಲ.

ನಾನು ನಡುಗಡ್ಡಿಗೆ ಮೊದಲ ಸಲ ಹೋದದ್ದು ಶಾಕಾಂಬರಿ ಕಮತಗಿ ಎಂಬ ಇಂಜಿನಿಯರನ್ನು ಶಂಕಿಸಲು.

ಊರಿನ ಪರಿಚಯ ಬೇಕು ನಿಮಗೆ. ನಡುಗಡ್ಡಿಯ ಮೂರು ಕಡೆ ನೀರು, ಒಂದು ಕಡೆ ಕರಿಗುಡ್ಡ ಎಂಬ ಬೋಳು ಗುಡ್ಡ. ಜನ ದೋಣಿಯಲ್ಲಿ ಓಡಾಡುತ್ತಾರೆ, ಜೋಳವನ್ನು ತೇಲುಹೊಲಗಳಲ್ಲಿ ಬೆಳೆಯುತ್ತಾರೆ. ಬಿದಿರಿನ ತೆಪ್ಪದ ಮೇಲೆ ಮಣ್ಣು ಹರವಿ ಮಾಡಿದ ಹೊಲ ಅದು, ನೀರು ಏರಿದರೆ ತಾನೂ ಏರುತ್ತದೆ. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಮ್ಮ ಕಾಲದ್ದೇ ಇರಬೇಕು. ಊರಿನ ಕಸುಬು ಬಿಸಿಲುಹಾಸು ನೇಯುವುದು. ನೀವು ಮಾಳಿಗೆಯ ಮೇಲೆ ಗಾಜಿನ ಹಲಗೆ ಇಟ್ಟು ಬಿಸಿಲಿನಿಂದ ಕರೆಂಟು ತೆಗೆಯುತ್ತಿದ್ದಿರಂತೆ. ನಾವು ಅದನ್ನೇ ಮಗ್ಗದಲ್ಲಿ ನೇಯ್ದು, ಜಮಖಾನೆಯಂತೆ ಸುತ್ತಿ ಹೆಗಲ ಮೇಲೆ ಹೊತ್ತೊಯ್ದು ಮಾರುತ್ತೇವೆ. ತಾಮ್ರದ ಎಳೆ ಎಲ್ಲಿ ಮೇಲೆ ಬರಬೇಕು, ಎಲ್ಲಿ ಕೆಳಗೆ ಹೋಗಬೇಕು ಎಂಬುದು ಬೆರಳಿಗೆ ಹತ್ತಲು ವರ್ಷಗಳೇ ಬೇಕು. ಹೊಸಬರನ್ನು ತಂದು ಕೂರಿಸಿದರೆ ಆಗುವ ಕೆಲಸವಲ್ಲ.

ಒಂದು ಕಾಲದಲ್ಲಿ ಕರಾವಳಿಯ ಪಟ್ಟಣಗಳು ಹಾಸು ಕೊಳ್ಳುವುದನ್ನೇ ನಿಲ್ಲಿಸಿದವು. ಊರಿನ ಮಗ್ಗಗಳಿಗೆ ಹಳೆಯ ಸೀರೆ ಹೊದಿಸಿದರು. ದುಡಿಯುವ ಗಂಡಸರು, ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಗುರುಬಾಯಿಯ ಖಾನಾವಳಿ ಆ ಊರಿನಲ್ಲಿ ದೊಡ್ಡದು. ಅಲ್ಲಿ ಒಲೆ ಹೊತ್ತುತ್ತಿತ್ತು, ಉಣ್ಣುವವರು ಇರಲಿಲ್ಲ. ಆಗ ಸರ್ಕಾರ ದಕ್ಷಿಣದ ಕಡೆ ನೀರು ತಡೆಯಲು ದಂಡೆ ಕಟ್ಟಿಸಿತು. ಕಟ್ಟಿಸಿದವಳು ಶಾಕಾಂಬರಿ, ಆಗಿನ್ನೂ ಹರೆಯದವಳು. ಕಟ್ಟೆಯ ಮೇಲೆ ಕೂತಿದ್ದವರು ಎದ್ದು ಹೋಗಿ ಕಲ್ಲು ಹೊತ್ತರು. ಕೂಲಿ ಕೈಗೆ ಬಂದದ್ದೇ ಗುರುಬಾಯಿಯಲ್ಲಿ ಉಂಡರು. ಗುರುಬಾಯಿ ತೇಲುಹೊಲದವರಿಂದ ಜೋಳ ಕೊಂಡಳು. ಜೋಳ ಮಾರಿದವರು ಮನೆಯ ಮೇಲಿನ ಹರಿದ ಹಾಸು ಬದಲಿಸಿದರು. ಊರಿನ ದೊಡ್ಡ ಕಾರ್ಖಾನೆ ಮೌಲಾಸಾಬ ನದಾಫರದು. ಅವರು ಮೊದಲು ಒಂದು ಮಗ್ಗದ ಸೀರೆ ತೆಗೆದರು, ಆಮೇಲೆ ಇನ್ನೊಂದರದು. ದಂಡೆ ಮುಗಿಯುವ ಹೊತ್ತಿಗೆ ಊರಿನಲ್ಲಿ ಸೀರೆ ಹೊದ್ದ ಮಗ್ಗವೇ ಇರಲಿಲ್ಲ. ‘ಒಂದು ರೂಪಾಯಿ ಬಂತು, ಊರೆಲ್ಲ ತಿರುಗಿ ಎರಡಾಗಿ ಮಲಗಿತು’ ಎಂಬ ಮಾತು ಆಗ ಹುಟ್ಟಿದ್ದು. ಶಾಕಾಂಬರಿಯನ್ನು ಜನ ಮನೆಮಗಳಂತೆ ಕಂಡರು. ಅವಳು ಹಾದುಹೋದರೆ ಹೆಂಗಸರು ಕರೆದು ಕುಂಕುಮ ಕೊಡುತ್ತಿದ್ದರಂತೆ.

ವರ್ಷಗಳು ಹೋದವು. ಕರಾವಳಿ ಚೇತರಿಸಿಕೊಂಡಿತು, ಬೇಡಿಕೆ ಉಕ್ಕಿತು. ಹಗಲುಪಾಳಿ, ರಾತ್ರಿಪಾಳಿ ಎಂದು ಮಗ್ಗಗಳು ನಿಲ್ಲದೆ ನಡೆದವು. ಬಾಡಿಗೆಗೆ ಒಂದು ಕೋಣೆ ಸಿಗದ ಕಾಲ. ಅಂಥ ಹೊತ್ತಿನಲ್ಲಿ ಊರಿನ ಸಭೆಯವರು ಮೆರವಣಿಗೆ ಹೊರಟು ರಾಜಧಾನಿಗೆ ಹೋದರು. ದಕ್ಷಿಣದ ದಂಡೆಯಿಂದ ಇಷ್ಟು ಎದ್ದೆವು, ಉತ್ತರಕ್ಕೂ ಒಂದು ಕಟ್ಟಿಸಿದರೆ ಇದರ ಎರಡರಷ್ಟು ಏಳುತ್ತೇವೆ ಎಂದು ಕೇಳಿದರು. ಬೊಕ್ಕಸ ತುಂಬಿತ್ತು, ಸರ್ಕಾರ ಒಪ್ಪಿತು. ಅದೇ ಶಾಕಾಂಬರಿ ಬಂದಳು, ಅದೇ ಕಲ್ಲು ಬಂತು.

ದಂಡೆಯ ಕೆಲಸ ಅರ್ಧಕ್ಕೆ ಬಂದರೂ ಈ ಸಲ ಊರು ಏಳಲಿಲ್ಲ. ಜೋಳದ ಬೆಲೆ ಏರಿತು, ಬಾಡಿಗೆ ಏರಿತು, ಸಾಲೆಯ ಮಾಸ್ತರರು ಕೋಣೆ ಸಿಗದೆ ಊರು ಬಿಟ್ಟರು. ಮೌಲಾಸಾಬರ ಕಾರ್ಖಾನೆಯಲ್ಲಿ ಒಂದೊಂದೇ ಮಗ್ಗ ನಿಂತಿತು. ಹೊತ್ತಿಗೆ ಸರಿಯಾಗಿ ಹಾಸು ಬರಲಿಲ್ಲವೆಂದು ಕರಾವಳಿಯವರು ಬೇರೆ ಊರಿನ ನೇಕಾರರನ್ನು ಹುಡುಕಿಕೊಂಡರು. ಊರವರಿಗೆ ಅರ್ಥವಾಗಲಿಲ್ಲ. ಅದೇ ಕೆಲಸ, ಅಷ್ಟೇ ಖರ್ಚು, ಅದೇ ಹೆಂಗಸು. ಆಗ ಬಂದ ಬರಕತ್ತು ಈಗೇಕೆ ಬರಲಿಲ್ಲ? ಉತ್ತರ ಒಂದೇ ಎಂದು ತೀರ್ಮಾನಿಸಿದರು. ಈ ಸಲ ಆಕೆ ತಿಂದಿದ್ದಾಳೆ ಎಂದು ಮೌಲಾಸಾಬರೇ ಮೊದಲಾಗಿ ರಾಜಧಾನಿಗೆ ದೂರು ಕೊಟ್ಟರು.

ನಾನು ದೋಣಿ ಇಳಿದಾಗ ನನಗೂ ಹಾಗೆಯೇ ಅನಿಸಿತ್ತು. ಶಾಕಾಂಬರಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲ. ಅವಳ ಮನೆಗೆ ಹೊಸ ಸುಣ್ಣ ಬಿದ್ದಿತ್ತು. ಅವಳ ತಮ್ಮ ಹೊಸ ದೋಣಿ ಕೊಂಡಿದ್ದ. ಅನುಮಾನದ ಕಸುಬಿನವರಿಗೆ ಇಷ್ಟೇ ಹಬ್ಬದೂಟ. ಕೆದಕುತ್ತ ಹೋದೆ. ಮನೆ ಬಾಡಿಗೆಯದು, ಸುಣ್ಣ ಹಚ್ಚಿಸಿ ಬಾಡಿಗೆ ಏರಿಸಿದವನು ಮಾಲೀಕ. ತಮ್ಮ ಗೌಂಡಿ, ಕಲ್ಲು ಕಟ್ಟುವವನು. ಆ ವರ್ಷ ಊರಿನ ಗೌಂಡಿಗಳೆಲ್ಲ ಹೊಸ ದೋಣಿ ಕೊಂಡಿದ್ದರು, ಅಷ್ಟು ಎಳೆದಾಟವಿತ್ತು ಅವರಿಗೆ. ದಂಡೆಯನ್ನು ನಾಲ್ಕಾರು ಕಡೆ ಕೊರೆಸಿ ನೋಡಿದೆ. ಕಲ್ಲು ಗಟ್ಟಿ, ಗಾರೆ ಗಟ್ಟಿ, ಎಲ್ಲೂ ಪೊಳ್ಳಿಲ್ಲ. ಒಂದೂ ತಪ್ಪಿಲ್ಲದ ಸರ್ಕಾರಿ ಕೆಲಸ ಕಂಡರೆ ನನ್ನಂಥವಳಿಗೆ ಸಂಶಯ ಇನ್ನೂ ಹೆಚ್ಚುತ್ತದೆ. ಕೂಲಿಯಲ್ಲಿ ಕಡಿದಿರಬೇಕು ಎಂದುಕೊಂಡೆ. ವಿಚಾರಿಸಿದರೆ ಕೂಲಿ ಹಿಂದಿನ ಸಲಕ್ಕಿಂತ ಹೆಚ್ಚೇ ಕೊಟ್ಟಿದ್ದಳು. ಕೊಡದಿದ್ದರೆ ಒಬ್ಬರೂ ಬರುತ್ತಿರಲಿಲ್ಲ.

ಆಮೇಲೆ ನನ್ನ ಶಂಕೆ ದೂರು ಕೊಟ್ಟವರ ಕಡೆ ತಿರುಗಿತು. ಮೌಲಾಸಾಬರು ತಾವೇ ಗುಟ್ಟಾಗಿ ಮಗ್ಗಗಳನ್ನು ಬೇರೆ ಊರಿಗೆ ಸಾಗಿಸಿ ಇಲ್ಲಿ ಗೋಳಾಡುತ್ತಿರಬಹುದಲ್ಲ? ಹೇಳದೆ ಕೇಳದೆ ಅವರ ಕಾರ್ಖಾನೆಗೆ ನುಗ್ಗಿದೆ. ಎತ್ತರದ ಆಳು, ಬಿಳಿಗಡ್ಡ. ಒಬ್ಬರೇ ಕೂತು ತಾಮ್ರದ ಎಳೆಗೆ ಎಣ್ಣೆ ಸವರುತ್ತಿದ್ದರು. ಮಗ್ಗಗಳೆಲ್ಲ ಅಲ್ಲೇ ಇದ್ದವು. ಅರ್ಧ ನೇಯ್ದ ಹಾಸು ಹಾಗೆಯೇ ಬಿಗಿದು ನಿಂತಿತ್ತು.

“ನಿಮ್ಮ ನೇಕಾರರೆಲ್ಲಿ, ಸಾಹೇಬ್ರ?” ಎಂದೆ.

“ನನ್ನನ್ಯಾಕ ಕೇಳ್ತೀರಿ ಬಾಯಾರ? ಹೋಗಿ ಆ ನಿಮ್ಮ ಇಂಜಿನಿಯರ್ ಬಾಯಿನ ಕೇಳ್ರಿ. ಎಳಿ ಹಿಡಿಯೂ ಬೆರಳಿನ್ಯಾಗ ಕಲ್ಲ ಹೊರಸಾಕತ್ಯಾಳ.”

ದಂಡೆಯ ಕೆಲಸದಲ್ಲಿದ್ದವರನ್ನು ಸಾಲಾಗಿ ನಿಲ್ಲಿಸಿ ನಾನು ಒಂದೇ ಪ್ರಶ್ನೆ ಕೇಳಿದೆ. ಇಲ್ಲಿಗೆ ಬರುವ ಮೊದಲು ಏನು ಮಾಡುತ್ತಿದ್ದಿರಿ? ನೇಯುತ್ತಿದ್ದೆ. ದೋಣಿ ರಿಪೇರಿ ಮಾಡುತ್ತಿದ್ದೆ. ಗುರುಬಾಯಿಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನೇಯುತ್ತಿದ್ದೆ. ತೇಲುಹೊಲ ನೋಡಿಕೊಳ್ಳುತ್ತಿದ್ದೆ. ನೇಯುತ್ತಿದ್ದೆ. ಹಿಂದಿನ ದಂಡೆಗೂ ದುಡಿದಿದ್ದ ಕೆಲವರು ಅಲ್ಲಿದ್ದರು. ಆಗ ಬರುವ ಮೊದಲು ಏನು ಮಾಡುತ್ತಿದ್ದಿರಿ ಎಂದು ಅವರನ್ನು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. “ಆಗೇನ್ ಮಾಡ್ತಿದ್ವಿ? ಕಟ್ಟಿ ಮ್ಯಾಲ ಕುಂದರ್ತಿದ್ವಿ” ಎಂದರು.

ಅಷ್ಟು ಹೊತ್ತಿಗೆ ನನಗೆ ಬೆಳಕು ಹರಿದಿತ್ತು, ಅದನ್ನು ನಾನು ಇಷ್ಟಪಡಲಿಲ್ಲ. ಕಳ್ಳನನ್ನು ಹಿಡಿಯುವುದು ಸುಲಭ, ಹೆಸರು ಹೇಳಿದರೆ ಮುಗಿಯಿತು. ಇಲ್ಲಿ ಕಳ್ಳನೇ ಇರಲಿಲ್ಲ. ಮೊದಲ ಸಲ ಸರ್ಕಾರದ ರೂಪಾಯಿ ಖಾಲಿ ಕೂತ ಕೈಗಳನ್ನು ಎಬ್ಬಿಸಿತ್ತು. ಆ ಕೈಗಳು ಕಲ್ಲು ಹೊತ್ತದ್ದರಿಂದ ಬೇರೆ ಯಾವ ಕೆಲಸವೂ ನಿಂತಿರಲಿಲ್ಲ. ಎರಡನೆಯ ಸಲ ಅದೇ ರೂಪಾಯಿ ಬಂದಾಗ ಊರಿನಲ್ಲಿ ಖಾಲಿ ಕೈ ಒಂದೂ ಇರಲಿಲ್ಲ. ಅದು ದುಡಿಯುವ ಕೈಗಳನ್ನೇ ಹರಾಜು ಕೂಗಿ ಎಳೆದುಕೊಂಡಿತು. ದಂಡೆ ಒಂದು ಗೇಣು ಬೆಳೆದರೆ ಹಾಸು ಒಂದು ಗೇಣು ಕಡಿಮೆಯಾಯಿತು. ಮೇಲೆ ಉಳಿದದ್ದು ಬೆಲೆಯೇರಿಕೆ.

ಬಹಿರಂಗ ವಿಚಾರಣೆಯ ಹಿಂದಿನ ದಿನ ಶಾಕಾಂಬರಿಯನ್ನು ಕರೆಸಿದೆ. ಇದು ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಿದೆ.

“ಗೊತ್ತಿತ್ರಿ” ಎಂದಳು. “ಮಗ್ಗ ತಣ್ಣಗಾಗೂತನಕ ತಡೀರಿ ಅಂತ ಸಭಾದಾಗ ಅಂದೆ. ಮೌಲಾಸಾಬ್ರೂ ಅಲ್ಲೇ ಇದ್ರು. ‘ಊರ ಉದ್ಧಾರ ಆಗೂದು ನಿನಗ ಬ್ಯಾಡೇನು?’ ಅಂತ ನನಗ ತಿರುಗಿ ಬಿದ್ರು. ಸರ್ಕಾರ ಕಟ್ಟು ಅಂದ್ರ ನಾ ಕಟ್ಟಾಕಿ. ಕಟ್ಟಿದೆ.”

“ಕಣ್ಣು ತಪ್ಪಿಸಿ ಯಾಕೆ ಮಾತಾಡುತ್ತೀರಿ?”

“ಊರ ಮಂದಿ ಎಲ್ಲಾರೂ ಕಳ್ಳರನ್ನ ನೋಡಿಧಂಗ ನೋಡಾಕತ್ತ ಮ್ಯಾಲ, ಯಾರ ಕಣ್ಣಾಗ ಕಣ್ಣ ಇಡೂದ್ರಿ?”

ಅವಳ ಮಾತನ್ನೂ ನಾನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಸಭೆಯ ಮೂವರನ್ನು ಬೇರೆ ಬೇರೆಯಾಗಿ ಕೇಳಿದೆ. ಮೂವರೂ ಮೊದಲು ನೆನಪಿಲ್ಲವೆಂದರು, ಆಮೇಲೆ ಹೌದೆಂದರು.

ಮರುದಿನ ಬಜಾರ ಕಿಕ್ಕಿರಿದಿತ್ತು. ಚಾವಡಿಯ ಮೆಟ್ಟಿಲ ಮೇಲೆ ನಿಂತು ನಾನು ‘ನನ್ನ ಶಂಕೆ ತೀರಿದೆ, ಕಳವು ಆಗಿಲ್ಲ’ ಎಂದೆ. ಎಲ್ಲ ಕಡೆಯಿಂದಲೂ ಕೂಗೆದ್ದಿತು. ಇವಳನ್ನೂ ಕೊಂಡುಕೊಂಡಿದ್ದಾರೆ ಎಂದರು. ಇಂಜಿನಿಯರ್ ಬಾಯಿಯ ಮನೆಯಲ್ಲಿ ಚಹಾ ಕುಡಿದಿದ್ದಾಳೆ ಎಂದು ಯಾರೋ ಅಂದರು, ಕಣ್ಣಾರೆ ಕಂಡೆ ಎಂದು ಇನ್ನೊಬ್ಬರು ಸೇರಿಸಿದರು. ಆಗ ಖಾನಾವಳಿಯ ಗುರುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ನನ್ನ ಮೇಲೆ ಅವಳಿಗೆ ಸಿಟ್ಟಿತ್ತು. ಬಂದ ದಿನ ಪ್ರೀತಿಯಿಂದ ಕೊಟ್ಟ ಮಜ್ಜಿಗೆಯನ್ನು ನಾನು ಮುಟ್ಟಿರಲಿಲ್ಲ.

“ಚಹಾ ಕುಡದಾಳಂತ, ಚಹಾ!” ಎಂದು ಕೈ ಬೀಸಿದಳು. “ನನ್ನ ಮನ್ಯಾಗ ಗುಟುಕ ಮಜ್ಜಿಗಿ ಮುಟ್ಟಲಿಲ್ಲ ಈಕಿ. ಸೊಕ್ಕಿನಾಕಿ ಅದಾಳ, ಕಳ್ಳಿ ಅಲ್ಲ. ಸುಮ್ನ ಕೇಳ್ರಿ.”

ಜನ ನಕ್ಕರು, ಬಿಸಿ ಸ್ವಲ್ಪ ಇಳಿಯಿತು. ಮೌಲಾಸಾಬರು ಮಾತ್ರ ನಗಲಿಲ್ಲ. “ಹಂಗಾರ ನನ್ನ ಮಗ್ಗ ನಿಂದರಸಿದವ್ರು ಯಾರ್ರೀ?” ಎಂದು ನನ್ನನ್ನೇ ಕೇಳಿದರು.

“ನೀವು ಬೇಡಿ ತಂದ ಕೆಲಸ, ಸಾಹೇಬ್ರ. ಮೆರವಣಿಗೆಯಲ್ಲಿ ಬರಹದ ಹಲಗೆ ಹಿಡಿದು ಮುಂದೆ ನಡೆದವರು ನೀವು. ಊರಿನ ಕೈಗಳೆಲ್ಲ ತುಂಬಿದ್ದಾಗ ಇನ್ನೊಂದು ಹೊರೆ ತರಿಸಿದಿರಿ.”

ಜೊತೆಯಲ್ಲಿದ್ದವರು ಅವರ ಕೈ ಹಿಡಿದು ಕರೆದುಕೊಂಡು ಹೋದರು. ಆ ದಿನವೇ ಕೆಲಸ ನಿಲ್ಲಿಸಬೇಕೆಂದು ನಾನು ರಾಜಧಾನಿಗೆ ಹೇಳಿದೆ. ನಿಲ್ಲಿಸಿದರು. ಕರಿಗುಡ್ಡದವರೆಗೆ ಹೋಗಬೇಕಿದ್ದ ದಂಡೆ ಅರ್ಧದಾರಿಯಲ್ಲಿ ನಿಂತಿತು. ಶಾಕಾಂಬರಿಯ ಹುದ್ದೆ ಉಳಿಯಿತು, ಆದರೆ ಊರಿನಲ್ಲಿ ಅವಳು ಉಳಿಯಲಿಲ್ಲ. ಕುಂಕುಮ ಕೊಡುತ್ತಿದ್ದ ಹೆಂಗಸರು ಈಗ ಅವಳು ಹಾದುಹೋದರೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ತೀರಿದೆ ಎಂದು ಅಧಿಕಾರಿ ಹೇಳಿದ ಮಾತ್ರಕ್ಕೆ ಶಂಕೆ ತೀರುವುದಿಲ್ಲ. ಅವಳು ಕೆಳಹೊಳೆಯ ಒಂದು ಸಣ್ಣ ಊರಿಗೆ ವರ್ಗ ಕೇಳಿಕೊಂಡು ಹೋದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಜನ ಪೆಟ್ಟು ತಿಂದರು, ಪಾಠವನ್ನೂ ಕಲಿತರು. ಕಲಿತದ್ದು ತಪ್ಪು ಪಾಠ. ‘ದಂಡಿ ಅಂದ್ರ ಊರಿಗೆ ದಂಡ’ ಎಂದು ಚಾವಡಿಯ ಗೋಡೆಯ ಮೇಲೆ ಬರೆಸಿದರು. ಮಕ್ಕಳು ಅದನ್ನು ಹಾಡಾಗಿ ಹೇಳಿಕೊಂಡು ಒಂಟಿಕಾಲಲ್ಲಿ ಕುಂಟಲಿಪಿ ಆಡುತ್ತಿದ್ದರು. ಸರ್ಕಾರದ ದೋಣಿ ಕಂಡರೆ ಏನು ಕಟ್ಟಿಸಲು ಬಂದಿರಿ ಎಂದು ಹಂಗಿಸುತ್ತಿದ್ದರು.

ಕೆಲವು ವರ್ಷಗಳ ಮೇಲೆ ಮತ್ತೆ ಕೇಡುಗಾಲ ಬಂತು. ಕರಾವಳಿಯಲ್ಲಿ ಬ್ಯಾಂಕುಗಳು ಮುಳುಗಿ, ಹಾಸು ಕೊಳ್ಳುವವರೇ ಇಲ್ಲದಾದರು. ನಡುಗಡ್ಡಿಯ ಮಗ್ಗಗಳ ಮೇಲೆ ಮತ್ತೆ ಸೀರೆ ಬಿದ್ದಿತು. ಕಟ್ಟೆಗಳು ಮತ್ತೆ ತುಂಬಿದವು. ಅರ್ಧ ನಿಂತ ದಂಡೆಯನ್ನು ಮುಂದುವರಿಸಲು ಇದೇ ತಕ್ಕ ಹೊತ್ತು ಎಂದು ರಾಜಧಾನಿಗೆ ಹೇಳಿ ಒಪ್ಪಿಸಿದವಳು ನಾನು. ಆದರೆ ಊರಿನ ಸಭೆ ಒಪ್ಪದೆ ಕಲ್ಲು ಇಳಿಸುವಂತಿಲ್ಲ. ಸಭೆಯ ಮುಂದೆ ನಿಂತು, ಆ ಹೊತ್ತು ಬೇರೆ, ಈ ಹೊತ್ತು ಬೇರೆ ಎಂದು ನನಗೆ ಬಂದಂತೆ ವಿವರಿಸಿದೆ.

“ಕಟ್ಟಬ್ಯಾಡ್ರಿ ಅಂತ ಅಂದಾಕಿ ನೀನ, ಕಟ್ಟಸ್ರಿ ಅನ್ನಾಕಿನೂ ನೀನ” ಎಂದಳು ಗುರುಬಾಯಿ. ಅವಳೀಗ ಸಭೆಯ ಸದಸ್ಯೆ. “ಯಾವ ನಾಲಿಗಿ ನಂಬೂಣು, ನೀಲವ್ವ?”

ಒಬ್ಬರೂ ಕೈ ಎತ್ತಲಿಲ್ಲ. ನಾನು ದೋಣಿ ಹತ್ತಿ ಹೊರಟೆ. ಅವರು ನನ್ನನ್ನು ಅನುಮಾನಿಸಿದ್ದು ತಪ್ಪೆಂದು ಇಂದಿಗೂ ಹೇಳಲಾರೆ. ನನ್ನ ಮಾತು ಹೊರಗಿನಿಂದ ನೋಡುವವರಿಗೆ ಎರಡು ನಾಲಿಗೆಯಂತೆಯೇ ಕಾಣುತ್ತಿತ್ತು.

ಮುಂದಿನ ಎರಡು ನೀರಮಾಸಗಳಲ್ಲಿ ಊರು ಖಾಲಿಯಾಗುತ್ತ ಹೋಯಿತು. ಒಳ್ಳೆಯ ನೇಕಾರರು ಸಂಸಾರ ಕಟ್ಟಿಕೊಂಡು ದೋಣಿ ಹತ್ತಿದರು. ಗುರುಬಾಯಿ ಖಾನಾವಳಿಯ ಒಲೆ ಆರಿಸಿ, ಹಂಚುಗಳನ್ನು ಬೋರಲು ಹಾಕಿದಳು. ಸಾಲೆ ಮುಚ್ಚಿತು. ಅಂಥದೊಂದು ಬೆಳಗ್ಗೆ ನಾನಿದ್ದ ಊರಿಗೆ ಮೌಲಾಸಾಬರು ಬಂದರು. ಗಡ್ಡ ಎದೆಗಿಳಿದಿತ್ತು, ಬೆನ್ನು ಬಾಗಿತ್ತು. ಬಾಗಿಲಲ್ಲೇ ನಿಂತು ಕೇಳಿದರು: “ಆಕಿ ಎಲ್ಲಿ ಅದಾಳ?”

ಅವರನ್ನು ಕೆಳಹೊಳೆಗೆ ಕರೆದೊಯ್ದೆ. ಬೈಯಲು ಹೊರಟಿದ್ದಾರೋ, ಬೇಡಲು ಹೊರಟಿದ್ದಾರೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿತ್ತೆಂದು ತೋರುವುದಿಲ್ಲ. ಶಾಕಾಂಬರಿ ಅಲ್ಲಿ ಒಂದು ಸಣ್ಣ ತೂಬಿನ ಕೆಲಸ ನೋಡಿಕೊಂಡಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳೇ ಹೊರತು ಬನ್ನಿ ಎನ್ನಲಿಲ್ಲ.

ಮೌಲಾಸಾಬರು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಅವತ್ತ ನನ್ನ ಮಂದಿನ ನೀ ಕಸಗೊಂಡಿ, ತಂಗಿ. ನನ್ನ ಹೊಟ್ಟಿ ಉರದಿತ್ತು. ಇವತ್ತ ಅದ ಮಂದಿ ಕೈ ಖಾಲಿ ಮಾಡ್ಕೊಂಡ ಕಟ್ಟಿ ಮ್ಯಾಲ ಕುಂತಾರ. ಈಗ ತಗೊ. ನಾನ ಕರಕೊಂಡ ಬಂದು ನಿನ್ನ ಮುಂದ ನಿಂದರಸ್ತೀನಿ.”

ಶಾಕಾಂಬರಿ ನನ್ನನ್ನು ನೋಡಿದಳು, ಅವರನ್ನು ನೋಡಿದಳು. “ಇದರಾಗ ಏನ್ ಡಾವ, ಏನ್ ಮೋಸ ಐತ್ರಿ?” ಎಂದು ಕೇಳಿದಳು. “ಈ ಸಲ ಕೆಟ್ರ ಯಾರ ಮ್ಯಾಲ ಹಾಕ್ತೀರಿ?”

“ನನ್ನ ಮ್ಯಾಲ.”

“ನಾ ನಂಬೂದಿಲ್ಲ.”

“ನಂಬಬ್ಯಾಡ, ತಂಗಿ. ಬಾ ಅಷ್ಟ.”

ಅವಳು ತೂಬಿನಿಂದ ಬೀಳುವ ನೀರಿನಲ್ಲಿ ಕೈ ತೊಳೆದುಕೊಂಡಳು. ಆಮೇಲೆ ಹೇಳಿದಳು: “ಒಂದ ಮಾತ ನಡಸಬೇಕ್ರಿ. ಮಗ್ಗ ಮತ್ತ ತುಂಬಾಕ ಹತ್ತಿದ ದಿವಸ ನಾ ಕೆಲಸ ನಿಂದರಸ್ತೀನಿ. ದಂಡಿ ಎಲ್ಲಿಗೆ ಬಂದಿರ್ತೈತಿ ಅಲ್ಲಿಗೇ. ಇನ್ನ ಒಂದ ಮಾರು ಉಳದೈತಿ, ಮುಗಸಿಬಿಡು ಅಂತ ಯಾರೂ ಅನ್ನಬಾರದು. ನೀವೂ ಅನ್ನಬಾರದು.”

“ಅಲ್ಲಾನ ಆಣಿ” ಎಂದರು ಮೌಲಾಸಾಬರು. ಶಾಕಾಂಬರಿ ಒಳಗೆ ಹೋಗಿ ನೀರು ತಂದು ಕೊಟ್ಟಳು. ನನಗೂ ಕೊಟ್ಟಳು. ಅಂದು ನಾನು ತನಿಖೆಯ ಮೇಲಿರಲಿಲ್ಲ, ಕುಡಿದೆ.

ಸಭೆಯಲ್ಲಿ ನನ್ನ ಮಾತಿಗೆ ಏಳದ ಕೈಗಳು ಮೌಲಾಸಾಬರ ಮಾತಿಗೆ ಎದ್ದವು. ದಂಡೆಯಿಂದ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನೇ ದಂಡೆ ಬೇಕೆಂದರೆ ಅದರಲ್ಲಿ ಏನೋ ಇರಬೇಕು ಎಂದು ಜನ ಲೆಕ್ಕ ಹಾಕಿದರು. ಗುರುಬಾಯಿ ಎಲ್ಲರಿಗಿಂತ ಕೊನೆಗೆ ಕೈ ಎತ್ತಿದಳು, ಅದೂ ಅರ್ಧ. ಕೆಲಸ ಹತ್ತಿತು. ಊರು ಹಿಂದೆ ಕಂಡದ್ದನ್ನೇ ಮತ್ತೆ ಕಂಡಿತು. ಕಟ್ಟೆಗಳು ಖಾಲಿಯಾದವು, ಖಾನಾವಳಿಯ ಹಂಚು ಒಲೆಯೇರಿತು, ಜೋಳದ ದೋಣಿಗಳು ದಡಕ್ಕೆ ಬಂದವು. ಹೋದ ನೇಕಾರರಲ್ಲಿ ಕೆಲವರು ಮರಳಿದರು, ಬಹಳ ಮಂದಿ ಮರಳಲಿಲ್ಲ. ತಡಮಾಡಿದ ಆ ಎರಡು ವರ್ಷಗಳ ನಷ್ಟ ಹಾಗೆಯೇ ಉಳಿಯಿತು. ಮೌಲಾಸಾಬರ ಕಾರ್ಖಾನೆ ಮೊದಲಿನಷ್ಟು ದೊಡ್ಡದಾಗಲೇ ಇಲ್ಲ.

ಕರಾವಳಿ ಚೇತರಿಸಿತು. ಒಂದು ಮಧ್ಯಾಹ್ನ ದಂಡೆಯ ಕೆಲಸಕ್ಕೆ ಬರಬೇಕಾದ ಹೆಂಗಸರಲ್ಲಿ ಕೆಲವರು ಬರಲಿಲ್ಲ. ಮಗ್ಗಕ್ಕೆ ಕರೆದಿದ್ದಾರೆ ಎಂದು ಹೇಳಿ ಕಳಿಸಿದ್ದರು. ಶಾಕಾಂಬರಿ ಕೂಲಿ ಏರಿಸಿ ಅವರನ್ನು ಮರಳಿ ಕರೆಯಬಹುದಿತ್ತು. ಬೊಕ್ಕಸದಲ್ಲಿ ದುಡ್ಡಿತ್ತು, ಕರಿಗುಡ್ಡ ಕಣ್ಣೆದುರಿಗೇ ಇತ್ತು, ಉಳಿದದ್ದು ಒಂದು ಸಣ್ಣ ತುಂಡು. ಸಭೆಯವರು ಓಡಿ ಬಂದು, ಇಷ್ಟಕ್ಕೆ ಬಿಟ್ಟರೆ ನೋಡಿದವರು ಏನಂದಾರು ಎಂದು ಗೋಗರೆದರು. ರಾಜಧಾನಿಯ ಮಂತ್ರಿ ಉದ್ಘಾಟನೆಯ ದಿನ ಗೊತ್ತುಮಾಡಿದ್ದರು. ಅವಳು ಮೌಲಾಸಾಬರ ಮುಖ ನೋಡಿದಳು. ಅವರು ಸಭೆಯವರ ಕಡೆ ತಿರುಗಿ, “ಆಣಿ ಮಾಡೇವಿ. ಹೋಗ್ರಿ ಮನಿಗೆ” ಎಂದರು. ಶಾಕಾಂಬರಿ ಅಲ್ಲಿಗೇ ಕೆಲಸ ನಿಲ್ಲಿಸಿದಳು. ಮಂತ್ರಿ ಬರಲಿಲ್ಲ. ಅವಳ ಹೆಸರಿನ ಕಲ್ಲು ನೆಡೋಣವೆಂದರೆ ಬೇಡವೆಂದಳು. ಹೆಸರು ಇದ್ದಲ್ಲಿಗೆ ಬೆರಳು ತೋರಿಸುವುದು ಸುಲಭ ಎಂದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಈಗ ಅವಳೂ ಇಲ್ಲ, ಮೌಲಾಸಾಬರೂ ಇಲ್ಲ. ನಾನು ಕೆಲಸದಿಂದ ನಿವೃತ್ತಳಾಗಿ ಇದೇ ಊರಿನಲ್ಲಿ ಉಳಿದಿದ್ದೇನೆ.

ಇನ್ನು ನನ್ನ ಕೋರಿಕೆ. ನಿಮ್ಮ ಕಾಲದಲ್ಲೂ ಸರ್ಕಾರ ಖರ್ಚು ಮಾಡಬೇಕೆಂದು ಒಬ್ಬರು, ಕೂಡದೆಂದು ಇನ್ನೊಬ್ಬರು ಗಂಟಲು ಹರಿದುಕೊಳ್ಳುತ್ತಿರಬಹುದು. ಯಾವ ಕಾಲಕ್ಕೂ ಒಂದೇ ಉತ್ತರ ಹೇಳುವವರನ್ನು ನಂಬಬೇಡಿ, ಅವರು ಎಷ್ಟೇ ಓದಿದವರಾಗಿರಲಿ. ಹಿಂದಿನ ಸಲ ಹೀಗಾಯಿತು ಎಂದು ಉದಾಹರಣೆ ಕೊಡುವವರನ್ನು, ಆಗ ನಿಮ್ಮ ಬೀದಿಯಲ್ಲಿ ಯಾರು ಏನು ಮಾಡುತ್ತಿದ್ದರು ಎಂದು ಕೇಳಿ. ಉತ್ತರ ಹೇಳಲು ತಡವರಿಸಿದರೆ ಅವರನ್ನು ಮನೆಗೆ ಕಳಿಸಿ, ನೀವೇ ಬೀದಿ ಸುತ್ತಿ ನೋಡಿ ಬನ್ನಿ. ಸುಮ್ಮನೆ ಕೂತ ಕೈಗಳು ಕಂಡರೆ ತಡಮಾಡಬೇಡಿ, ತಡದಲ್ಲಿ ಹೋದವರು ಮರಳುವುದಿಲ್ಲ. ಎಲ್ಲ ಕೈಗಳೂ ತುಂಬಿದ್ದರೆ, ಎಷ್ಟೇ ಒಳ್ಳೆಯ ಕೆಲಸವಾಗಲಿ, ಅದಕ್ಕೆ ಬೇಕಾದ ಕೈಗಳನ್ನು ಯಾರಿಂದ ಕಿತ್ತುಕೊಳ್ಳುತ್ತೀರಿ ಎಂದು ಮೊದಲು ಕೇಳಿ. ನನ್ನ ಈ ಮಾತನ್ನೂ ಕಣ್ಣು ಮುಚ್ಚಿ ಒಪ್ಪಬೇಡಿ.

ಉತ್ತರದ ದಂಡೆ ಇಂದಿಗೂ ಕರಿಗುಡ್ಡವನ್ನು ಮುಟ್ಟಿಲ್ಲ. ನಡುವೆ ಒಂದು ಕಂಡಿ ಉಳಿದಿದೆ. ನೀರು ಜೋರಾದಾಗ ಆ ಕಂಡಿಗೆ ಬಿದಿರಿನ ತಟ್ಟಿ, ಮರಳಿನ ಚೀಲ ಒಟ್ಟಿ ನಿಭಾಯಿಸುತ್ತೇವೆ. ಮುಂದಿನ ಕೇಡುಗಾಲಕ್ಕೆಂದು ಬೇಕೆಂತಲೇ ಬಿಟ್ಟ ಕೆಲಸ ಅದು. ಅದಕ್ಕೆ ಬೇಕಾದ ಕಲ್ಲನ್ನು ಪಕ್ಕದಲ್ಲೇ ಪೇರಿಸಿಟ್ಟಿದ್ದೇವೆ. ಹೊರ ಊರಿನಿಂದ ಬಂದವರು ದೋಣಿಯಲ್ಲಿ ಹಾಯುವಾಗ ಕಂಡಿಯನ್ನು ನೋಡಿ, ಉಳಿದ ದುಡ್ಡನ್ನು ಯಾರೋ ನುಂಗಿದ್ದಾರೆ ಎಂದು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಾರೆ. ಅಂಬಿಗರು ತಿದ್ದಲು ಹೋಗುವುದಿಲ್ಲ.